ಹಲ್ಲಿಗೆ ಕೇಳಿಸಿದ ಸದ್ದು

ಡಿಸೆಂಬರ್ 22. ಮೊದಲನೆಯ ಒಂಬತ್ತು, ಮೊದಲ ದಿನ

ಇವತ್ತಿನಿಂದ ಚಳಿಯ ಎಣಿಕೆ ಶುರು. ಒಂಬತ್ತು ದಿನಕ್ಕೊಂದು ಗಂಟು, ಅಂಥ ಒಂಬತ್ತು ಗಂಟು ಬಿಚ್ಚಿದರೆ ವಸಂತ. ಮೊದಲ ಗಂಟಿನ ಮೊದಲ ದಿನವೇ ನಮ್ಮ ಆಸ್ಪತ್ರೆಯ ಅಂಗಳಕ್ಕೆ ಜೀಪು ಬಂದು ನಿಂತಿದೆ! ಈ ನೋಟುಬುಕ್ಕು ಕೊಂಡದ್ದೇ ಅದಕ್ಕಾಗಿ. ಇದನ್ನು ಯಾರಿಗೂ ತೋರಿಸುವುದಿಲ್ಲ, ನನ್ನ ಹೆಂಡತಿ ದೋಲ್ಗೋರಳಿಗೂ. ಅವಳು ನನ್ನ ಅಕ್ಷರ ನೋಡಿಯೇ ನಗುತ್ತಾಳೆ.

ಹೊಸ ಜೀಪು ಎಂದರೆ ನಮಗೆ ಹೊಸದು. ಜಪಾನಿನಲ್ಲಿ ಯಾರೋ ಹದಿನಾಲ್ಕು ವರ್ಷ ಓಡಿಸಿ ಬಿಟ್ಟದ್ದು. ಬಿಳಿ ಬಣ್ಣ, ಡೀಸೆಲ್ ಎಂಜಿನ್ನು, ಸ್ಟೀರಿಂಗು ಬಲಗಡೆ. ಇಪ್ಪತ್ತಾರು ವರ್ಷ ರಷ್ಯದ ವ್ಯಾನಿನಲ್ಲಿ ಎಡಗಡೆ ಕೂತವನು ನಾನು. ಗೇರು ಹಾಕಲು ಹೋಗಿ ಬಾಗಿಲಿನ ಹಿಡಿ ಎಳೆದೆ, ಬಾಗಿಲು ತೆರೆದುಕೊಂಡಿತು. ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇಂಥ ದಿನ ಸಿಟ್ಟು ಯಾಕೆ ಮಾಡಿಕೊಳ್ಳಲಿ?

ಈ ಊರಿನಲ್ಲಿ ಚೋಯ್‌ಜಿಲ್‌ನ ಕಿವಿ ಎಂದರೆ ದೊಡ್ಡ ಹೆಸರು. ಹೇಳಿಕೊಳ್ಳಬಾರದು, ಆದರೆ ಇದು ನನ್ನದೇ ಪುಸ್ತಕ. ಚಳಿಗಾಲದ ಬೆಳಿಗ್ಗೆ ಊರಿನ ಗಾಡಿಗಳೆಲ್ಲ ಕೆಮ್ಮತೊಡಗಿದಾಗ ಹಾಸಿಗೆಯಲ್ಲಿ ಮಲಗಿಯೇ ಯಾರ ಗಾಡಿ, ಅದಕ್ಕೇನು ಕಾಯಿಲೆ ಎಂದು ಹೇಳಬಲ್ಲೆ. ದೂರ ಹೊರಡುವವರು ಮೊದಲು ನನ್ನ ಮುಂದೆ ಸೆಲ್ಫ್ ಹೊಡೆದು, ನಾನು ಹೂಂ ಎಂದ ಮೇಲೆಯೇ ಹೊರಡುವುದು. ಹಾಗಾಗಿ ಎಂಬತ್ತೊಂದು ದಿನವೂ ಈ ಜೀಪಿನ ಬೆಳಗಿನ ಸದ್ದನ್ನು ಬರೆದಿಡಬೇಕೆಂದಿದ್ದೇನೆ. ಹೊಸ ಕುದುರೆಯ ದನಿಯನ್ನು ಮಾಲೀಕ ಕಲಿಯಬೇಕಲ್ಲ.

ಇವತ್ತು ಸೊನ್ನೆಗಿಂತ ಮೂವತ್ತೇಳು ಕೆಳಗೆ. ಸೆಲ್ಫ್ ಹೊಡೆದಾಗ ಮೊದಲು ಮುದುಕರು ಗಂಟಲು ಸರಿಮಾಡಿಕೊಂಡಂತೆ ಒಂದು ಗುಟುರು. ಆಮೇಲೆ ಟಕ ಟಕ ಟಕ, ಅದು ಡೀಸೆಲ್ ಗಾಡಿಯ ಹುಟ್ಟುಗುಣ. ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಸಿಳ್ಳೆ, ಎಂಜಿನ್ನಿನ ಮುಂದಿನಿಂದ, ಬೆಲ್ಟಿನ ಕಡೆಯಿಂದ. ಎರಡು ನಿಮಿಷಕ್ಕೆ ನಿಂತಿತು. ಇದರ ಮೇಲೊಂದು ಕಣ್ಣಿಡಬೇಕು.

ಹಳೆಯ ವ್ಯಾನನ್ನು ಬಿಡಿಭಾಗಕ್ಕೆಂದು ಕೊಂಡೊಯ್ದರು. ಇನ್ನು ಆಸ್ಪತ್ರೆಗೆ ಈ ಜೀಪು ಬಿಟ್ಟರೆ ಬೇರೆ ಕಾಲಿಲ್ಲ. ಜಿಲ್ಲಾ ಕೇಂದ್ರ ಉಲಿಯಾಸ್ತೈಗೆ ನೂರ ಎಂಬತ್ತು ಕಿಲೋಮೀಟರು. ಕುರಿಗಾರರ ಚಳಿಗಾಲದ ಬಿಡಾರಗಳು ಕಣಿವೆಗೊಂದರಂತೆ ಚದುರಿವೆ. ದಾರಿಯಲ್ಲಿ ಎಂಜಿನ್ನು ನಿಂತರೆ ಒಳಗಿರುವವರ ಕಥೆ ಮುಗಿದಂತೆ.

ಡಿಸೆಂಬರ್ 24. ಮೊದಲನೆಯ ಒಂಬತ್ತು, ಮೂರನೆಯ ದಿನ

ಸದ್ದು ಚೆನ್ನಾಗಿ ಕೇಳಲೆಂದು ಟೋಪಿಯ ಕಿವಿಗಳನ್ನು ಮೇಲೆ ಕಟ್ಟಿ ಗಾಳಿಯಲ್ಲಿ ನಿಂತಿದ್ದೆನಲ್ಲ, ನಿನ್ನೆ ಎರಡೂ ಕಿವಿ ವಿಪರೀತ ನೋವು. ಅಮ್ಮ ಮಾಡುತ್ತಿದ್ದ ಮದ್ದು ಮಾಡಿಕೊಂಡೆ. ಕುರಿಬಾಲದ ಕೊಬ್ಬು ಕರಗಿಸಿ, ಮರಿಯ ಉಣ್ಣೆ ಅದ್ದಿ, ಉಂಡೆ ಕಟ್ಟಿ ಕಿವಿಗೆ ತುರುಕಿ ಮಲಗಿದೆ.

ಬೆಳಿಗ್ಗೆ ನೋವು ಮಾಯ! ಉಣ್ಣೆಯೂ ಮಾಯ. ಹಾಸಿಗೆ ಕೊಡವಿದರೂ ಸಿಗಲಿಲ್ಲ. ಕೊಬ್ಬಿನ ವಾಸನೆಗೆ ಇಲಿ ಎಳೆದುಕೊಂಡು ಹೋಗಿರಬೇಕು. ಮದ್ದು ಇಷ್ಟು ಚೆನ್ನಾಗಿ ಹಿಡಿದ ಮೇಲೆ ಇನ್ನೊಂದು ದಿನ ಇರಲಿ ಎಂದು ಮತ್ತೊಂದು ಜೊತೆ ತುರುಕಿಕೊಂಡಿದ್ದೇನೆ.

ಡಿಸೆಂಬರ್ 27. ಮೊದಲನೆಯ ಒಂಬತ್ತು, ಆರನೆಯ ದಿನ

ಗೆದ್ದೆ! ಸಿಳ್ಳೆ ನಿಂತುಹೋಗಿದೆ.

ನಾಲ್ಕು ದಿನದಿಂದ ಜೀಪಿಗೆ ಬಾಣಂತಿಯ ಆರೈಕೆ ಮಾಡುತ್ತಿದ್ದೇನೆ. ಬಾನೆಟ್ ಮೇಲೆ ದಪ್ಪ ಉಣ್ಣೆಗಂಬಳಿ, ಅದರ ಮೇಲೆ ಇನ್ನೊಂದು. ಬೆಳಿಗ್ಗೆ ಒಣ ಸಗಣಿಯ ಕೆಂಡವನ್ನು ತಗಡಿನ ತಟ್ಟೆಯಲ್ಲಿ ತುಂಬಿ ಆಯಿಲ್ ಚೇಂಬರಿನ ಕೆಳಗೆ ಇಟ್ಟು ಮುಕ್ಕಾಲು ಗಂಟೆ ಕಾಯುವುದು. ಬ್ಲೋ ಲ್ಯಾಂಪ್ ಹಿಡಿದು ಉರಿ ಊದುವವರಿಗೆ ತಾಳ್ಮೆ ಇಲ್ಲ, ಹದವೂ ಗೊತ್ತಿಲ್ಲ. ಇವತ್ತು ಸೆಲ್ಫ್ ಹೊಡೆದರೆ ಸಿಳ್ಳೆ ಇಲ್ಲ, ಟಕಟಕ ಸಹ ಎಷ್ಟೋ ಕಡಿಮೆ. ಜೀಪು ದೂರದಲ್ಲಿ ಎಲ್ಲೋ ನಿಂತು ಗುನುಗಿದ ಹಾಗಿತ್ತು.

ಡಾಕ್ಟರು ಹುಡುಗಿ ಇದ್ದಾಳಲ್ಲ, ಅನುಜಿನ್, ಶರತ್ಕಾಲದಲ್ಲಿ ರಾಜಧಾನಿಯಿಂದ ಬಂದವಳು, ಇಪ್ಪತ್ತೇಳು ವರ್ಷ. ಕೈಯಿಂದ ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿದು ಬಂದು, ಗಾಡಿ ಯಾಕೆ ಹೀಗೆ ಕಿರುಚುತ್ತಿದೆ ಎಂದಳು. ಕಿರುಚುವುದು! ರೇಷ್ಮೆಯಂತೆ ಓಡುತ್ತಿರುವ ಎಂಜಿನ್ನಿನ ಮುಂದೆ ನಿಂತು ಈ ಮಾತು. ಬಿಸಿನೀರಿನ ಕೊಳವೆ ಓಡುವ ಮನೆಗಳಲ್ಲಿ ಬೆಳೆದ ಕಿವಿ, ಪಾಪ, ಚಳಿಗೆ ಏನೇನೋ ಕೇಳಿಸುತ್ತದೆ ಎಂದುಕೊಂಡೆ.

ನನ್ನ ಕಿವಿ ಮಾತ್ರ ಈ ಚಳಿಗೆ ಇನ್ನೂ ಚುರುಕಾಗಿದೆ. ಚಹಾ ಕುಡಿದರೆ ಗುಟುಕು ಗಂಟಲಿನಲ್ಲಿ ಇಳಿಯುವ ಸದ್ದು ಸಹ ಕೇಳುತ್ತದೆ. ಗಟ್ಟಿ ಒಣಮೊಸರು ಕಡಿದರೆ ಹೆಪ್ಪುಗಟ್ಟಿದ ನದಿಯ ಮೇಲೆ ಕುದುರೆ ಓಡಿದ ಹಾಗೆ. ಮೊದಲು ಇಷ್ಟೆಲ್ಲ ಕೇಳುತ್ತಿರಲಿಲ್ಲ.

ಜನವರಿ 1. ಎರಡನೆಯ ಒಂಬತ್ತು, ಎರಡನೆಯ ದಿನ

ಹೊಸ ವರ್ಷದ ಕೂಟಕ್ಕೆ ಶಾಲೆಯ ಹಾಲಿನಲ್ಲಿ ಊರೆಲ್ಲ ಸೇರಿತ್ತು. ನಾನು ಹಾಡಿದೆ. ಅಬ್ಬಾ, ನನ್ನ ದನಿ ಇಷ್ಟು ತುಂಬಿ ಬಂದದ್ದು ನನಗೇ ನೆನಪಿಲ್ಲ! ತಲೆಯೊಳಗೆ ಗಂಟೆ ಹೊಡೆದಂತೆ ಮೊಳಗಿತು. ಹಾಲಿನ ಗೋಡೆ ಬಿರಿದೀತು ಎಂದು ಹೆದರಿ ಸ್ವಲ್ಪ ತಗ್ಗಿಸಿಯೇ ಹಾಡಿದೆ. ಆದರೂ ಹಿಂದಿನ ಸಾಲಿನವರು ಜೋರಾಗಿ, ಜೋರಾಗಿ ಎಂದು ಕೈ ಆಡಿಸಿದರು. ಮುಂದಿನ ಸಾಲಿನವರೂ ಕಿವಿಗೆ ಕೈ ಹಚ್ಚಿದರು.

ಈ ಊರಿನ ಜನಕ್ಕೆ ಏನೋ ಆಗಿದೆ. ನಾನು ಹೇಳಿದ್ದು ಅವರಿಗೆ ಕೇಳುವುದಿಲ್ಲ. ಅವರು ಮಾತಾಡುವುದೂ ಗಂಬಳಿಯೊಳಗೆ ಬಾಯಿಟ್ಟು ಪಿಸುಗುಟ್ಟಿದ ಹಾಗೆ. ದೋಲ್ಗೋರ್ ಕೂಡ. ಮೊನ್ನೆ ಒಲೆಯ ಮುಂದೆ ಮೂರು ಸಲ ಏನೋ ಗೊಣಗಿದಳಂತೆ, ನಾಲ್ಕನೆಯ ಸಲ ಸೌಟಿನಿಂದ ಭುಜಕ್ಕೆ ತಟ್ಟಿ, "ಮುದುಕಪ್ಪಾ, ಕೆಟಲ್ ಅರ್ಧ ಗಂಟೆಯಿಂದ ಸಿಳ್ಳೆ ಹೊಡೀತಿದೆ, ಇಳಿಸಬಾರ್ದಾ?" ಎಂದಳು. ಕೆಟಲು ಮೌನವಾಗಿ ಹಬೆ ಬಿಡುತ್ತಿತ್ತು. ಅದರ ಸಿಳ್ಳೆ ಕೆಟ್ಟಿದೆ ಎಂದು ಹೇಳಿದೆ, ಅವಳು ಹಣೆ ಚಚ್ಚಿಕೊಂಡಳು.

ಜನವರಿ 5. ಎರಡನೆಯ ಒಂಬತ್ತು, ಆರನೆಯ ದಿನ

ಪೂರೆವ್ ಅಂಗಡಿಯವನು ಮೊನ್ನೆ ಕಾರು ತಂದಿದ್ದ. ಮಾವನ ಊರಿಗೆ ಹೋಗಬೇಕು, ಒಂದ್ಸಲ ಕೇಳಿ ಹೇಳು ಎಂದ. ಕೇಳಿದೆ. ಆರೋಗ್ಯವಾದ ಮಗು ಮಲಗಿದ ಹಾಗಿತ್ತು. ಏನೂ ತೊಂದರೆ ಇಲ್ಲ, ಹೋಗಿ ಬಾ ಎಂದೆ. ಅವನು ಏನೋ ಕೇಳಿದ, ಇನ್ನೊಮ್ಮೆ ಹೇಳಿದೆ.

ಇವತ್ತು ಅವನು ಲಾರಿಯ ಹಿಂದೆ ಕಾರನ್ನು ಕಟ್ಟಿಸಿಕೊಂಡು ಊರಿಗೆ ಬಂದಿದ್ದಾನೆ. ಇಪ್ಪತ್ತು ಕಿಲೋಮೀಟರಿನಲ್ಲಿ ಎಂಜಿನ್ನಿನೊಳಗೆ ಏನೋ ಮುರಿದು ಪುಡಿಯಾಯಿತಂತೆ. ಲಾರಿ ಸಿಗದಿದ್ದರೆ ಹೆಂಡತಿ ಮಕ್ಕಳ ಸಮೇತ ಹೋಗಿಬಿಡುತ್ತಿದ್ದೆವು ಎಂದು ಅಂಗಡಿ ಮುಂದೆ ನಿಂತು ಎಲ್ಲರಿಗೂ ಹೇಳುತ್ತಿದ್ದಾನೆ. ಹೇಳಲಿ. ಎಣ್ಣೆ ಬಿಸಿಯಾಗುವ ಮೊದಲೇ ಒದ್ದು ಓಡಿಸಿರುತ್ತಾನೆ. ಅವನ ಕಾಲು ಯಾವಾಗಲೂ ಭಾರ.

ಆದರೂ ಒಂದು ಮಾತು ಮುಳ್ಳಿನ ಹಾಗೆ ಕೂತಿದೆ. ಶಾಲೆಯ ಲಾರಿ ಓಡಿಸುವವನು ಪ್ರತಿ ಸೋಮವಾರ ನನ್ನ ಮುಂದೆ ಬಂದು ಸೆಲ್ಫ್ ಹೊಡೆಯುತ್ತಿದ್ದ. ಇವತ್ತು ನಮ್ಮ ಅಂಗಳದ ಮುಂದೆಯೇ ಹಾದುಹೋದ, ನಿಲ್ಲಿಸಲಿಲ್ಲ. ಕೈ ಎತ್ತಿದ, ಅಷ್ಟೇ.

ಜನವರಿ 8. ಎರಡನೆಯ ಒಂಬತ್ತಿನ ಕೊನೆಯ ದಿನ

ಡಾಕ್ಟರು ಹುಡುಗಿಯ ಜೊತೆ ಜಗಳ. ನಾನು ಶುರು ಮಾಡಿದ್ದಲ್ಲ.

ಬೂದುಕಣಿವೆಯ ಬಿಡಾರದಲ್ಲಿ ಸರ್ನಾಯ್ ಎಂಬ ಹೆಣ್ಣುಮಗಳಿದ್ದಾಳೆ, ಕುರಿಗಾರ ಗಾನ್‌ಜೂರ್‌ನ ಹೆಂಡತಿ. ಫೆಬ್ರವರಿ ಮಧ್ಯಕ್ಕೆ ದಿನ ತುಂಬುತ್ತದೆ. ಮೊದಲಿನ ಎರಡು ಬಸುರೂ ನಿಲ್ಲಲಿಲ್ಲ, ಇದು ಮೂರನೆಯದು. ಇಲ್ಲಿಂದ ಎಪ್ಪತ್ತು ಕಿಲೋಮೀಟರು, ನಡುವೆ ಒಂದು ಘಟ್ಟ. ಈ ತಿಂಗಳ ಇಪ್ಪತ್ತನೆಯ ತಾರೀಖಿಗೆ ಅವಳನ್ನು ಕರೆತಂದು ಆಸ್ಪತ್ರೆಯ ಪಕ್ಕದ ಮನೆಯಲ್ಲಿ ಇರಿಸಿಕೊಳ್ಳುವುದು ಎಂದು ನಿಶ್ಚಯವಾಗಿದೆ. ಅದಕ್ಕೆ ಮೊದಲು ಜೀಪನ್ನು ಉಲಿಯಾಸ್ತೈಗೆ ಕಳಿಸಿ ಬೆಲ್ಟಿನ ಕಡೆ ತೋರಿಸಬೇಕು ಎಂದು ಹುಡುಗಿ ಹಟ ಹಿಡಿದಳು.

ತೋರಿಸಲು ಏನಿದೆ ಎಂದೆ. ದಿನಾ ಬೆಳಿಗ್ಗೆ ಕಿರುಚುತ್ತದೆ ಎಂದಳು. ಎಲ್ಲಿ ಕಿರುಚುತ್ತದೆ, ಈಗ ಹೊಡೆಯುತ್ತೇನೆ ಕೇಳು ಎಂದು ಸೆಲ್ಫ್ ಹೊಡೆದೆ. ಅವಳು ಬೆಲ್ಟಿನ ಕಡೆಗೆ ಬೆರಳು ತೋರಿಸುತ್ತಾ ನಿಂತಳು. ನಾನು ಕೈಕಟ್ಟಿ ನಿಂತೆ. ಏನೂ ಇಲ್ಲ. ಸ್ಟೀರಿಂಗಿನಲ್ಲಿ ಬೆರಳಿಗೆ ಒಂದು ನಡುಕ ಸಿಕ್ಕಿತು ಅನ್ನುವುದು ನಿಜ, ಆದರೆ ಡೀಸೆಲ್ ಗಾಡಿ ನಡುಗದೆ ಇರುತ್ತದೆಯೇ?

ಆಗ ಅವಳು ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು, ನನ್ನ ಮುಖಕ್ಕೆ ಮುಖ ಇಟ್ಟು ಕೇಳಿದಳು: "ಚೋಯ್‌ಜಿಲ್ ಅಣ್ಣ, ಬೇಜಾರ್ ಮಾಡ್ಕೋಬೇಡಿ. ಒಂದ್ಸಲ ನಿಮ್ಮ ಕಿವಿ ನೋಡ್ಲಾ?"

ನನ್ನ ಕಿವಿ! ಇವಳು ಹುಟ್ಟುವ ಮೊದಲೇ ನಾನು ಎಂಜಿನ್ನು ಕೇಳುತ್ತಿದ್ದೆ. ಊರವರ ಕಿವಿ ಮೊದಲು ನೋಡಮ್ಮ, ನನ್ನ ಮಾತು ಯಾರಿಗೂ ಕೇಳುತ್ತಿಲ್ಲ ಎಂದೆ. ಅದೂ ಅವಳಿಗೆ ಕೇಳಲಿಲ್ಲವಂತೆ, ಏನು, ಏನು ಎಂದಳು. ಬಾನೆಟ್ ಧಡ್ ಎಂದು ಹಾಕಿ ಬಂದುಬಿಟ್ಟೆ. ಧಡ್ ಎಂದದ್ದೂ ಮೆತ್ತಗೆ ಧಡ್ ಎಂದಿತು.

ಮನೆಗೆ ಬಂದ ಮೇಲೆ ಸಂಕಟವಾಯಿತು, ಬರೆಯದೆ ಯಾಕೆ ಬಿಡಲಿ. ಡ್ರೈವರನ ಕಿವಿಯ ಮೇಲೆ ನಂಬಿಕೆ ಹೋದರೆ ಆ ಡ್ರೈವರ್ ಏನು ಮಾಡಬೇಕು?

ಜನವರಿ 10. ಮೂರನೆಯ ಒಂಬತ್ತು, ಎರಡನೆಯ ದಿನ

ನಲವತ್ತನಾಲ್ಕು ಕೆಳಗೆ. ಒಂದೇ ಸೆಲ್ಫಿಗೆ ಎದ್ದಿತು. ಸದ್ದು ಎಂಬುದೇ ಇಲ್ಲ. ಆಹಾ!

ಜನವರಿ 13. ಮೂರನೆಯ ಒಂಬತ್ತು, ಐದನೆಯ ದಿನ

ಹೊರಡುತ್ತಿದ್ದೇವೆ. ಸರ್ನಾಯ್‌ಗೆ ನೋವು ಕಾಣಿಸಿಕೊಂಡಿದೆಯಂತೆ, ಒಂದು ತಿಂಗಳು ಮೊದಲೇ! ಗಾನ್‌ಜೂರ್ ಫೋನ್ ಸಿಗುವ ಗುಡ್ಡಕ್ಕೆ ಕುದುರೆ ಓಡಿಸಿಕೊಂಡು ಬಂದು ಹೇಳಿದನಂತೆ. ಇಷ್ಟು ಬೇಗ ಹುಟ್ಟುವ ಕೂಸಿಗೆ ಆಸ್ಪತ್ರೆಯ ಬಿಸಿಪೆಟ್ಟಿಗೆ ಬೇಕೇ ಬೇಕು, ತಾಯಿಯನ್ನು ಹೊಟ್ಟೆಯ ಮಗುವಿನ ಸಮೇತ ಇಲ್ಲಿಗೆ ತರಬೇಕು ಎಂದು ಡಾಕ್ಟರಮ್ಮ ಬ್ಯಾಗು ತುಂಬುತ್ತಿದ್ದಾರೆ. ನನ್ನ ಎದೆ ಇಪ್ಪತ್ತು ವರ್ಷದ ಹುಡುಗನದರ ಹಾಗೆ ಹೊಡೆದುಕೊಳ್ಳುತ್ತಿದೆ, ಆ ಸದ್ದು ಕಿವಿಯಲ್ಲೇ ಕೇಳುತ್ತಿದೆ. ಜೀಪಿನ ಮೊದಲ ದೊಡ್ಡ ಓಟ!

ದೋಲ್ಗೋರ್ ಹಾಲಿನ ಬಟ್ಟಲು, ಮರದ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಪಯಣ ಸುಖವಾಗಲೆಂದು ಚಕ್ರಕ್ಕೆ ಹಾಲು ಚಿಮುಕಿಸುವವರೆಗೂ ಕಾಯಬೇಕು. ಇಷ್ಟು ಬರೆದೆ.

ಜನವರಿ 14, ಬೆಳಿಗ್ಗೆ, ಗಾನ್‌ಜೂರ್‌ನ ಗುಡಾರದಲ್ಲಿ

ನಿನ್ನೆ ಇಲ್ಲಿ ತಲುಪುವಾಗಲೇ ಕತ್ತಲೆ, ರಾತ್ರಿ ಘಟ್ಟ ದಾಟುವುದು ಬೇಡ ಎಂದು ಉಳಿದೆವು. ನೋವು ನಿಂತು ನಿಂತು ಬರುತ್ತಿದೆ. ಎರಡು ಗಂಟೆಗೊಮ್ಮೆ ಎದ್ದು ಎಂಜಿನ್ನು ಓಡಿಸಿದ್ದೇನೆ. ನಲವತ್ತಾರು ಕೆಳಗೆ. ಚಹಾ ಕುಡಿದು ಹೊರಡುವುದು.

ಜನವರಿ 15. ಮೂರನೆಯ ಒಂಬತ್ತು, ಏಳನೆಯ ದಿನ

ಎಲ್ಲಿಂದ ಶುರು ಮಾಡಲಿ!

ನಿನ್ನೆ ಬೆಳಿಗ್ಗೆ ಗಂಬಳಿ ಸರಿಸಿ ಸೆಲ್ಫ್ ಹೊಡೆದೆ. ಎದ್ದಿತು, ಮೆತ್ತಗೆ. ಹೊರಡೋಣ ಎಂದು ತಿರುಗಿದರೆ ಡಾಕ್ಟರು ಗುಡಾರದ ಬಾಗಿಲಿಗೆ ಅಡ್ಡ ನಿಂತಿದ್ದಾರೆ.

"ಈ ಕೂಗು ನಿಲ್ಲೋವರೆಗೂ ನಾನು ತಾಯೀನ ಒಳಗೆ ಕೂರ್ಸಲ್ಲ ಅಣ್ಣ."

ಮತ್ತೆ ಅದೇ! ನಾನು ಕೂಗಾಡಿದೆ. ನನಗೆ ಅದು ಕೂಗಾಟವೇ, ಅವರಿಗೆ ಏನು ಕೇಳಿತೋ ಗೊತ್ತಿಲ್ಲ. ಗಾನ್‌ಜೂರ್ ನಡುವೆ ಬಂದ. ಅವನು ಮಾತು ಕಡಿಮೆಯ ಆಸಾಮಿ, ನನ್ನನ್ನು ಸ್ವಂತ ಅಣ್ಣನಂತೆ ನೋಡುವವನು. ಅವನ ಬಾಯಿಯನ್ನೇ ನೋಡುತ್ತ ಕೇಳಿಸಿಕೊಂಡೆ.

"ಅಣ್ಣ, ನಂಗೆ ಗಾಡಿ ಗೊತ್ತಿಲ್ಲ, ಕುರಿ ಗೊತ್ತು. ತೋಳದ ಬಾಯಿಗೆ ಬಿದ್ದ ಮರಿ ಹಿಂಗೇ ಕೂಗತ್ತೆ. ಅಲ್ನೋಡಿ, ಕುದುರೆಗಳನ್ನ ನೋಡಿ."

ನೋಡಿದೆ. ಕಟ್ಟಿದ್ದ ಐದೂ ಕುದುರೆಗಳು ಕಿವಿ ಹಿಂದಕ್ಕೆ ಮಡಚಿ, ಹಗ್ಗ ಹರಿಯುವಂತೆ ಜೀಪಿನಿಂದ ದೂರಕ್ಕೆ ಎಳೆಯುತ್ತಿದ್ದವು. ನಾಯಿ ಕುರಿದೊಡ್ಡಿಯ ಹಿಂದೆ ಅಡಗಿ ಮೂತಿ ಮಾತ್ರ ತೋರಿಸುತ್ತಿತ್ತು. ನಾನು ಎಂಜಿನ್ನು ನಿಲ್ಲಿಸಿದೆ, ಕುದುರೆಗಳು ನಿಂತವು. ಮತ್ತೆ ಹೊಡೆದೆ, ಮತ್ತೆ ಎಳೆದವು. ಇನ್ನೊಮ್ಮೆ ನಿಲ್ಲಿಸಿದೆ. ಇನ್ನೊಮ್ಮೆ ಹೊಡೆದೆ.

ಪೂರೆವ್‌ಗೆ ನನ್ನ ಮೇಲೆ ಸಿಟ್ಟಿರಬಹುದು. ಡಾಕ್ಟರು ಊರಿಗೆ ಹೊಸಬರು. ಕುದುರೆಗಳಿಗೆ ನನ್ನ ಮೇಲೆ ಯಾವ ಹಗೆ? ಅವುಗಳಿಗೆ ಕೇಳುತ್ತಿರುವುದು ನನಗೆ ಕೇಳುತ್ತಿಲ್ಲ.

ನನಗೆ ಗಾಡಿ ಕಲಿಸಿದ ಗುರು ಗಾಳಿಯ ಅಬ್ಬರದಲ್ಲಿ ಒಂದು ಉಪಾಯ ಮಾಡುತ್ತಿದ್ದ. ಅದು ನೆನಪಾಯಿತು. ಕುದುರೆ ಹಿಡಿಯುವ ಉದ್ದ ಗಳದ ಮುರಿದ ತುಂಡೊಂದು ಗುಡಾರಕ್ಕೆ ಒರಗಿತ್ತು. ಅದರ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಇಟ್ಟು ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಬಿಗಿಯಾಗಿ ಕಚ್ಚಿದೆ.

ದೇವರೇ! ಎಂಥ ಕಿರುಚಾಟ! ತಲೆಬುರುಡೆಯೊಳಗೆ ಯಾರೋ ಕಬ್ಬಿಣಕ್ಕೆ ಗರಗಸ ಹಾಕಿದಂತೆ. ಮೂರು ವಾರದಿಂದ ಊರೆಲ್ಲ ಕೇಳಿದ್ದನ್ನು ನಾನು ಆಗ ಕೇಳಿದೆ. ಗಳವನ್ನು ಸರಿಸಿ ಸರಿಸಿ ಹುಡುಕಿದೆ. ಪಂಪಿನ ಮೇಲೆ ಕಡಿಮೆ, ಡೈನಮೋ ಮೇಲೆ ಕಡಿಮೆ. ಬೆಲ್ಟನ್ನು ಬಿಗಿಹಿಡಿಯುವ ಸಣ್ಣ ಪುಲ್ಲಿಯ ಮೇಲೆ ಇಟ್ಟಾಗ ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅದರ ಬೇರಿಂಗು ಒಣಗಿ ಸಾಯುತ್ತಿದೆ. ಅದು ಹಿಡಿದುಕೊಂಡರೆ ಬೆಲ್ಟು ಹರಿಯುತ್ತದೆ, ಬೆಲ್ಟು ಹರಿದರೆ ನೀರಿನ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಹೀಟರ್ ಇಲ್ಲ, ಎಂಜಿನ್ನೂ ಇಲ್ಲ. ಘಟ್ಟದ ಮೇಲೆ, ನಲವತ್ತಾರು ಕೆಳಗೆ, ಬಸುರಿಯ ಜೊತೆ.

ಡಾಕ್ಟರ ಮುಂದೆ ನಿಂತು ಹೇಳಿದೆ: "ನೀವು ಹೇಳಿದ್ದೇ ಸರಿ. ನಂಗೆ ಮುಕ್ಕಾಲು ಗಂಟೆ ಕೊಡಿ." ಅವರು ಗಡಿಯಾರ ನೋಡಿಕೊಂಡು, ಕೊಟ್ಟೆ ಎಂಬಂತೆ ತಲೆಯಾಡಿಸಿದರು.

ಪುಲ್ಲಿಯನ್ನು ಬಿಚ್ಚಿ ಗುಡಾರದೊಳಗೆ ತಂದು ಒಲೆಯ ಪಕ್ಕ ಕೂತೆ. ಬೇರಿಂಗಿನ ರಬ್ಬರ್ ಮುಚ್ಚಳ ಎಬ್ಬಿಸಲು ನನ್ನ ಚಾಕು ದಪ್ಪವಾಯಿತು. ಮಂಚದ ಮೇಲಿಂದ ಒಂದು ಕೈ ಚಾಚಿಕೊಂಡಿತು. ಸರ್ನಾಯ್, ನೋವಿಗೆ ತುಟಿ ಕಚ್ಚಿಕೊಂಡೇ, ಚರ್ಮ ಹೊಲಿಯುವ ತನ್ನ ದಬ್ಬಳ ಕೊಡುತ್ತಿದ್ದಳು. ಮುಚ್ಚಳ ಎದ್ದಿತು. ಒಳಗೆ ಗ್ರೀಸಿನ ಹೆಸರಿನಲ್ಲಿ ಕಪ್ಪು ಹುಡಿ. ಒರೆಸಿದೆ. ಹೊಸದಾಗಿ ಹಾಕಲು ಏನಿದೆ? ಕುರಿ ಕೊಬ್ಬು ಹಾಕಿದರೆ ಆಚೆ ಹೋದ ಕೂಡಲೇ ಕಲ್ಲು. ಗಾನ್‌ಜೂರ್ ಪೆಟ್ಟಿಗೆಯ ತಳದಿಂದ ಒಂದು ಸಣ್ಣ ಬಾಟಲಿ ತೆಗೆದ. ಬಿಲ ತೋಡಿ ಬದುಕುವ ತರ್ಬಾಗ ಎಂಬ ದಪ್ಪ ಅಳಿಲಿನ ಕೊಬ್ಬಿನ ಎಣ್ಣೆ, ಕೆಮ್ಮಿಗೆಂದು ಅವನ ತಾಯಿ ಇಟ್ಟದ್ದು, ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಬೇರಿಂಗಿಗೆ ಕುಡಿಸಿದೆ. ಬೆರಳಲ್ಲಿ ತಿರುಗಿಸಿದೆ. ತಿರುಗಿತು! ಮುಚ್ಚಳ ಒತ್ತಿ, ಓಡಿ ಹೋಗಿ ಜೋಡಿಸಿದೆ.

ಸೆಲ್ಫ್ ಹೊಡೆಯುವ ಮೊದಲು ಕುದುರೆಗಳ ಕಡೆ ನೋಡಿದೆ. ಹೊಡೆದೆ. ಒಂದು ಕುದುರೆ ಕಿವಿ ಅಲ್ಲಾಡಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಆ ಕುದುರೆಯ ಮೂಗಿಗೆ ಮುತ್ತು ಕೊಡಬೇಕೆನಿಸಿತು.

ಘಟ್ಟದ ತುದಿಯ ಕಲ್ಲುಗುಪ್ಪೆಯ ಹತ್ತಿರ ಬಂದಾಗ ಮಧ್ಯಾಹ್ನ. ಘಟ್ಟದ ದೇವರಿಗೆ ನಮಸ್ಕಾರವೆಂದು ಮೂರು ಸಲ ಹಾರ್ನ್ ಹೊಡೆದು ದಾಟಿದೆ. ಅಲ್ಲೇ ಹಿಂದಿನಿಂದ ಡಾಕ್ಟರು ನನ್ನ ಭುಜಕ್ಕೆ ಗುದ್ದಿ, ನಿಲ್ಲಿಸಿ, ಎಂಜಿನ್ನು ಮಾತ್ರ ನಿಲ್ಲಿಸಬೇಡಿ ಎಂದು ಕೈಯಲ್ಲೇ ತೋರಿಸಿದರು. ಕೂಸು ಆಸ್ಪತ್ರೆಗೆ ಕಾಯಲಿಲ್ಲ. ನಾನು ಬೆನ್ನು ಹಾಕಿ ಕೂತು, ಹೀಟರಿನ ಗುಂಡಿ ಪೂರ್ತಿ ತಿರುಗಿಸಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದೆ. ಆ ನಡುಕವನ್ನು ಬೆರಳಲ್ಲಿ ಓದುತ್ತಿದ್ದೆ. ನಡುಕ ಒಂದೇ ಸಮ ಇತ್ತು. ನಿಲ್ಲಬೇಡ ಚಿನ್ನ, ನಿಲ್ಲಬೇಡ ಎಂದು ಕುದುರೆಗೆ ಹೇಳುವ ಹಾಗೆ ಹೇಳುತ್ತಲೇ ಇದ್ದೆ.

ಎಷ್ಟು ಹೊತ್ತೋ. ಕನ್ನಡಿಯಲ್ಲಿ ನೋಡಿದರೆ ಡಾಕ್ಟರ ಕೈಯಲ್ಲಿ ಕೆಂಪು ಮುದ್ದೆಯಂಥ ಕೂಸು. ಬಾಯಿ ತೆರೆದಿದೆ. ಸದ್ದಿಲ್ಲ. ಡಾಕ್ಟರ ಕೆನ್ನೆಯ ಮೇಲೆ ನೀರು. ಗಾನ್‌ಜೂರ್ ಮುಖ ಮುಚ್ಚಿಕೊಂಡಿದ್ದಾನೆ. ಅಳುತ್ತಿಲ್ಲ, ಕೂಸು ಅಳುತ್ತಿಲ್ಲ ಎಂದು ನಾನು ಅರಚಿದೆ. ಬೇರಿಂಗಿಗೆ ಹೋದ ಆ ಮುಕ್ಕಾಲು ಗಂಟೆ, ನನ್ನ ಹಟಕ್ಕೆ ಹೋದ ಹದಿನೆಂಟು ದಿನ, ಎಲ್ಲವೂ ಎದೆಯ ಮೇಲೆ ಬಂದು ಕೂತವು.

ಡಾಕ್ಟರು ನನ್ನನ್ನು ಒಂದು ಗಳಿಗೆ ನೋಡಿದರು. ಅವರಿಗೆ ಅರ್ಥವಾಯಿತು. ಗಂಬಳಿಯಲ್ಲಿ ಸುತ್ತಿದ ಕೂಸನ್ನು ಮುಂದಕ್ಕೆ ತಂದು, ಅದರ ಎಳೆಯ ನೆತ್ತಿಯನ್ನು ನನ್ನ ದವಡೆಯ ಮೂಳೆಗೆ ಮೆಲ್ಲಗೆ ತಾಗಿಸಿದರು.

ಕೇಳಿತು! ಅಳು! ಮೂಳೆಯಿಂದ ಮೂಳೆಗೆ ಬಂತು. ಎಂಥ ಸಿಟ್ಟು, ಎಂಥ ಜೋರು! ನನ್ನ ಇಪ್ಪತ್ತಾರು ವರ್ಷದಲ್ಲಿ ಯಾವ ಎಂಜಿನ್ನೂ ಚಳಿಗೆ ಅಷ್ಟು ಚೆನ್ನಾಗಿ ಎದ್ದಿಲ್ಲ. ನಾನು ಜೋರಾಗಿ ಅತ್ತೆ, ಮರೆಮಾಚುವುದೇನಿದೆ. ಆಮೇಲೆ ಗೇರು ಹಾಕಿದೆ, ಬಾಗಿಲಿನ ಹಿಡಿ ಎಳೆಯಲಿಲ್ಲ. ಇಡೀ ದಾರಿ ಒಳಗೆ ಬೇಸಿಗೆಯ ಹಾಗೆ ಬೆಚ್ಚಗಿತ್ತು.

ಜನವರಿ 18. ನಾಲ್ಕನೆಯ ಒಂಬತ್ತು ಶುರು

ಮಗು ಬಿಸಿಪೆಟ್ಟಿಗೆಯಲ್ಲಿ ಕೈಕಾಲು ಆಡಿಸುತ್ತಿದೆ. ಹೆಣ್ಣು. ತಾಯಿ ಎದ್ದು ಸೂಪು ಕುಡಿದಳು.

ಹದಿನೈದರ ಸಂಜೆಯೇ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಿವಿಯೊಳಗೆ ಬೆಳಕು ಬಿಟ್ಟು, ಬಿಸಿನೀರು ಹಾಕಿ, ಚಿಮಟದಲ್ಲಿ ಎಳೆದರು. ಒಂದು. ಅದರ ಹಿಂದೆ ಇನ್ನೊಂದು. ಆ ಕಡೆಯ ಕಿವಿಯಲ್ಲೂ ಎರಡು. ಕಲ್ಲಾದ ಕೊಬ್ಬು, ಉಣ್ಣೆ.

"ಅಣ್ಣ, ಕುರೀನ ಪೂರ್ತಿ ಒಳಗೆ ಇಟ್ಕೊಂಡಿದ್ರಲ್ಲ," ಎಂದರು. ಅವರ ದನಿ ಇಷ್ಟು ಸಣ್ಣದು, ಇಷ್ಟು ಇಂಪು ಎಂದು ನನಗೆ ಮರೆತೇಹೋಗಿತ್ತು. ಆಮೇಲೆ ತಟ್ಟೆಯ ಮೇಲೆ ಚಿಮಟ ಇಟ್ಟ ಟಣ್ ಎಂಬ ಸದ್ದಿಗೆ ಕುರ್ಚಿಯಿಂದ ಹಾರಿದೆ.

ಇಲಿಗೆ ಅನ್ಯಾಯವಾಗಿ ಬೈದಿದ್ದೆ. ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಡಿಸೆಂಬರ್ 22ರಂದು ಬೆಲ್ಟಿನ ಕಡೆಯ ಸಿಳ್ಳೆಯನ್ನು ನಾನೇ ಬರೆದಿದ್ದೇನೆ, ಕಣ್ಣಿಡಬೇಕು ಎಂದೂ ಬರೆದಿದ್ದೇನೆ. ನಾಚಿಕೆಯಾಯಿತು. ನಾಲ್ಕು ಜೀವ ಹೋಗುತ್ತಿತ್ತು, ನನ್ನದನ್ನು ಸೇರಿಸಿದರೆ ಐದು.

ನಿನ್ನೆ ರಾಜಿಗೆಂದು ನಶ್ಯದ ಬಾಟಲಿ ಹಿಡಿದು ಪೂರೆವ್‌ನ ಅಂಗಡಿಗೆ ಹೋದೆ. ತಪ್ಪು ನನ್ನದು ಎಂದೆ. ಅವನು ನಶ್ಯ ಸೇದಿ, ತನ್ನ ಬಾಟಲಿಯನ್ನು ನನಗೂ ಸೇದಲು ಕೊಟ್ಟು, ಉಣ್ಣೆ ಬೇಕಾದರೆ ಅಂಗಡಿಯಲ್ಲಿ ಮೂಟೆಗಟ್ಟಲೆ ಇದೆ ಎಂದ. ಇನ್ನು ಸಾಯುವವರೆಗೂ ಈ ಮಾತು ತಪ್ಪಿದ್ದಲ್ಲ. ಪರವಾಗಿಲ್ಲ. ಅವನ ಕಾರಿನ ಎಂಜಿನ್ನನ್ನು ನಾನೇ ಇಳಿಸಿ ಕಟ್ಟಿಕೊಡುತ್ತೇನೆ. ಜೀಪಿಗೆ ಉಲಿಯಾಸ್ತೈಯಿಂದ ಹೊಸ ಪುಲ್ಲಿ ಬಂದಿದೆ. ಡಾಕ್ಟರು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದರು.

ಫೆಬ್ರವರಿ 2. ಐದನೆಯ ಒಂಬತ್ತು, ಏಳನೆಯ ದಿನ

ಇಪ್ಪತ್ತೊಂಬತ್ತು ಕೆಳಗೆ. ಗುಟುರು ಒಂದು, ಟಕಟಕ ಮಾಮೂಲು, ಸಿಳ್ಳೆ ಇಲ್ಲ. ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನಾನು ಕೇಳಿದ ಮೇಲೆ ಡಾಕ್ಟರನ್ನೂ ಕರೆದು ಕೇಳಿಸುತ್ತೇನೆ. ಮೊನ್ನೆ ನನಗೆ ಸಿಗದ ಒಂದು ಕಟಕಟವನ್ನು ಅವರು ಹಿಡಿದರು, ಸೈಲೆನ್ಸರಿನ ಪಟ್ಟಿ ಸಡಿಲವಾಗಿತ್ತು. ಅವರು ನಗಲಿಲ್ಲ, ನಾನು ನಕ್ಕೆ. ಇವತ್ತು ಸೋಮವಾರ, ಶಾಲೆಯ ಲಾರಿಯವನೂ ಬಂದು ನಿಲ್ಲಿಸಿದ.

ಇವತ್ತು ನಮ್ಮ ಮನೆಯಲ್ಲೇ ಮಗುವಿಗೆ ಹೆಸರಿಟ್ಟರು. ಬಿಡಾರಕ್ಕೆ ಹೋಗಲು ಇನ್ನೂ ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ದೋಲ್ಗೋರ್ ಬೆಳಿಗ್ಗೆಯಿಂದ ಇನ್ನೂರು ಕಡುಬು ಹಬೆಗಿಟ್ಟಿದ್ದಳು. ಕೆಟಲು ಸಿಳ್ಳೆ ಹೊಡೆಯಿತು, ನಾನೇ ಓಡಿ ಇಳಿಸಿದೆ. ಹೊಡೆದ ಪ್ರತಿ ಸಲವೂ ಇಳಿಸುತ್ತಿದ್ದೇನೆ, ಕೆಲವು ಸಲ ಹೊಡೆಯುವ ಮೊದಲೇ. ಅದಕ್ಕೂ ಬೈಯುತ್ತಾಳೆ.

ಹೆಸರನ್ನು ಹಿರಿಯರೊಬ್ಬರು ಮಗುವಿನ ಬಲಗಿವಿಯಲ್ಲಿ ಮೂರು ಸಲ ಹೇಳಬೇಕಲ್ಲ. ಗಾನ್‌ಜೂರ್ ನಮ್ಮೂರಿನ ಹಿರಿಯರನ್ನೆಲ್ಲ ದಾಟಿ ಬಂದು ಮಗುವನ್ನು ನನ್ನ ಕೈಗೆ ಕೊಟ್ಟ. ಈ ಕಿವಿಯವನ ಕೈಯಿಂದಲೇ ಎಂದು ಕೇಳಿದೆ.

"ನಿಮ್ಮಿಂದಾನೇ ಅಣ್ಣ," ಎಂದಳು ಸರ್ನಾಯ್. "ಇವಳ ಮೊದಲ್ನೇ ಅಳು ಅಷ್ಟು ಹತ್ತಿರದಿಂದ ಕೇಳಿದೋರು ಬೇರೆ ಯಾರಿದ್ದಾರೆ?"

ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೊದಲು ಅದರ ಬಲಗಿವಿಯೊಳಗೆ ಚೆನ್ನಾಗಿ ನೋಡಿದೆ, ಆಮೇಲೆ ಎಡಗಿವಿಯೊಳಗೂ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಡಾಕ್ಟರೂ. ನಾನು ನಗಲಿಲ್ಲ, ನಿಜವಾಗಿಯೂ ನೋಡುತ್ತಿದ್ದೆ. ಏನೂ ಇರಲಿಲ್ಲ. ಆಮೇಲೆ ಬಲಗಿವಿಯ ಹತ್ತಿರ ಬಾಯಿ ಇಟ್ಟು, ಇಂಪಾದ ನಾದ ಎಂಬ ಅರ್ಥದ ಆ ಹೆಸರನ್ನು ಹೇಳಿದೆ. ಎಗ್‌ಶಿಗ್ಲೆನ್, ಎಗ್‌ಶಿಗ್ಲೆನ್, ಎಗ್‌ಶಿಗ್ಲೆನ್.

ಮೂರನೆಯ ಸಲಕ್ಕೆ ಅವಳು ಮುಖ ಕಿವುಚಿ ಜೋರಾಗಿ ಅತ್ತಳು. ಈ ಸಲ ದವಡೆ ಬೇಕಾಗಲಿಲ್ಲ.